ಹಿಂದಕ್ಕೆ ಹೋಗದ ಕಾರು ಗಡಿ ದಾಟಿದ್ದು

“ಅಲ್ಲಾ, ಹಿಂದ ಹೋಗೂದನ್ನ ಯಾವಾಗ ಬಿಟ್ಟಿ?”

ಗುರುಶಾಂತಪ್ಪ ಇದನ್ನು ಯಾರಿಗೆ ಕೇಳಿದನೆಂದು ಹೇಳುವುದು ಕಷ್ಟ. ಕಾರಿಗೆ ಎನ್ನೋಣವೆಂದರೆ ಮುಖ ಆಕಾಶದ ಕಡೆಗಿತ್ತು. ದೇವರಿಗೆ ಎನ್ನೋಣವೆಂದರೆ ಕೈ ಗೇರಿನ ಮೇಲಿತ್ತು. ಎದುರಿಗೆ ಸಿಡ್ನಿಯ ಹ್ಯಾರಿಸ್ ಪಾರ್ಕಿನ ಮಿಠಾಯಿ ಅಂಗಡಿಯ ಹಿತ್ತಿಲ ಗೋಡೆ. ಗೋಡೆಗೂ ಕಾರಿನ ಮೂತಿಗೂ ನಡುವೆ ಒಂದು ಗೇಣು ಜಾಗ. ಗೇರಿನ ಹಿಡಿ ರಿವರ್ಸಿಗೆ ಬಂದು ವಿನಯದಿಂದ ಕೂತಿತ್ತು. ಕಾರು ಮಾತ್ರ ಒಮ್ಮೆ ಗುರ್ ಎಂದು ನಿಂತಲ್ಲೇ ನಿಂತಿತು. ಮುಂದಕ್ಕೆ ಒಯ್ಯುವ ಗೇರುಗಳೆಲ್ಲ ನಾವಿದ್ದೇವೆ, ನಾವಿದ್ದೇವೆ ಎನ್ನುತ್ತಿದ್ದವು. ಆದರೆ ಮುಂದೆ ಇದ್ದದ್ದು ಗೋಡೆ.

ಕೊನೆಗೆ ಮಿಠಾಯಿ ಅಂಗಡಿಯ ಇಬ್ಬರು ಹಿಟ್ಟಿನ ಕೈಯಲ್ಲೇ ಬಂದು “ಜೋರ್ ಸೇ, ಭಾಯಿಸಾಬ್!” ಎಂದು ಕಾರನ್ನು ಹಿಂದಕ್ಕೆ ತಳ್ಳಿದರು. ಬಾನೆಟ್ಟಿನ ಮೇಲೆ ಮೈದಾಹಿಟ್ಟಿನ ನಾಲ್ಕು ಅಂಗೈಗಳು ಮೂಡಿದವು. ಗುರುಶಾಂತಪ್ಪ ಕಿಟಕಿ ಇಳಿಸಿ, ಧನ್ಯವಾದ ಹೇಳುವ ಬದಲು, “ಚಿಂತಾ ಇಲ್ಲ, ವಾರಂಟಿ ಐತಿ!” ಎಂದ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ವಾರಂಟಿ ಎಂಬ ಮಾತಿಗೆ ಇಬ್ಬರೂ ಗೌರವದಿಂದ ತಲೆಯಾಡಿಸಿದರು.

ವಾರಂಟಿ ಇದ್ದದ್ದು ನಿಜ. ಹದಿನಾಲ್ಕು ತಿಂಗಳ ಹಿಂದೆ ಈ ಬೂದು ಬಣ್ಣದ ಸೆಕೆಂಡ್ ಹ್ಯಾಂಡ್ ಕಾರನ್ನು ಅವನು ಮೆಲ್ಬರ್ನಿನ ಟ್ರುಗನಿನಾದಿಂದ, ಫೋಟೋ ನೋಡಿ ತರಿಸಿದ್ದ. ಅದು ಕಾರು ಹೊರುವ ದೊಡ್ಡ ಲಾರಿಯ ಮೇಲೆ ಮದುವಣಗಿತ್ತಿಯಂತೆ ಕೂತು ಸಿಡ್ನಿಗೆ ಬಂದಿತ್ತು. ಅಂದಿನಿಂದ ಅದರ ಮೇಲಿದ್ದ, ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ನಂಬರನ್ನು ಅವನು ಬದಲಿಸಿರಲಿಲ್ಲ. ವಾರಂಟಿ ಪುಸ್ತಕದಲ್ಲಿ ಬರೆದ ನಂಬರು ಒಂದು, ಕಾರಿನ ಮೇಲಿರುವ ನಂಬರು ಇನ್ನೊಂದು ಆದರೆ ವಾರಂಟಿ ಸತ್ತಿತು ಎಂಬುದು ಅವನ ಸಿದ್ಧಾಂತ. ಧಾರವಾಡದ ಕಚೇರಿಗಳಲ್ಲಿ ಬೆಳೆದವನ ಸಿದ್ಧಾಂತ. ಅದನ್ನು ಅಲ್ಲಾಡಿಸಲು ಆಸ್ಟ್ರೇಲಿಯಾದ ಕೈಯಲ್ಲೂ ಆಗಿರಲಿಲ್ಲ. ಕೇಳಿದವರಿಗೆ ಮಾತ್ರ “ನಮ್ಮದು ಮೆಲ್ಬರ್ನ್ ಗಾಡೀರಿ” ಎಂದು, ತನ್ನ ಅತ್ತೆಯ ಮನೆ ಬಕಿಂಗ್‌ಹ್ಯಾಮ್ ಅರಮನೆ ಎಂಬ ಧಾಟಿಯಲ್ಲಿ ಹೇಳುತ್ತಿದ್ದ.

ಮನೆಗೆ ಬಂದು ಹೆಂಡತಿಗೆ ವಿಷಯ ತಿಳಿಸಿದಾಗ ನೀಲಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ರಿವರ್ಸ್ ಒಂದ ಹೋಗೇತೇನು?”

“ಒಂದ. ಉಳದದ್ದೆಲ್ಲಾ ಛಲೋ ಐತಿ.”

“ಸೋಮವಾರ ನನ್ನ ಟೆಸ್ಟು.”

ಇಷ್ಟೇ ಮಾತು. ಆದರೆ ಅದರ ತೂಕ ಗುರುಶಾಂತಪ್ಪನಿಗೆ ಗೊತ್ತಿತ್ತು. ನೀಲಕ್ಕನದು ಇದು ಮೂರನೆಯ ಡ್ರೈವಿಂಗ್ ಟೆಸ್ಟ್. ಮೊದಲೆರಡು ಸಲ ಟ್ರೇನಿಂಗ್ ಸ್ಕೂಲಿನ ಕಾರಿನಲ್ಲಿ ಕೊಟ್ಟು, ಎರಡೂ ಸಲ ರಿವರ್ಸ್ ಪಾರ್ಕಿಂಗಿನಲ್ಲಿ ಬಿದ್ದಿದ್ದಳು. ಪರರ ಕಾರಿನಲ್ಲಿ ಕೈ ನಡುಗುತ್ತದೆ, ಈ ಸಲ ನಮ್ಮದರಲ್ಲೇ ಎಂದು ಹಟ ಹಿಡಿದಿದ್ದಳು. ಪಾಸಾದರೆ ರೌಸ್ ಹಿಲ್ಲಿನ ಚೈಲ್ಡ್‌ಕೇರಿನಲ್ಲಿ ಕೆಲಸ ಕಾದಿತ್ತು. ಬೆಳಗಿನ ಆರೂವರೆಗೆ ಹೋಗಿ ಬಾಗಿಲು ತೆರೆಯುವ ಕೆಲಸ. ಆ ಹೊತ್ತಿಗೆ ಅವರ ಬೀದಿಗೆ ಬಸ್ಸು ಕಣ್ಣು ಬಿಟ್ಟಿರುವುದಿಲ್ಲ. ಲೈಸೆನ್ಸ್ ಇಲ್ಲದಿದ್ದರೆ ಕೆಲಸವಿಲ್ಲ ಎಂದು ಅಲ್ಲಿಯವರು ಆಗಲೇ ಹೇಳಿದ್ದರು.

ಗುರುಶಾಂತಪ್ಪ ಟ್ರುಗನಿನಾಕ್ಕೆ ಫೋನು ಹಚ್ಚಿದ. ಆ ವರ್ಕ್‌ಶಾಪಿನ ಗೌತಮ್ ಬೆಂಗಳೂರಿನ ಹುಡುಗ.

“ಸರ್, ನಿಮ್ಮ ವಾರಂಟಿ ಈ ಶುಕ್ರವಾರ ಸಂಜೆ ಐದಕ್ಕೆ ಮುಗಿಯತ್ತೆ. ಅಷ್ಟರೊಳಗೆ ಕಾರು ನಮ್ಮ ಯಾರ್ಡಲ್ಲಿದ್ರೆ ಫ್ರೀ. ಐದೂ ಒಂದಕ್ಕೆ ಬಂದ್ರೆ ಕಾಫಿ ಮಾತ್ರ ಫ್ರೀ.”

“ಇಲ್ಲೇ ಸಿಡ್ನಿಯಾಗ ಯಾರರೇ ಮಾಡಾಕ ಬರತದೇನ್ರಿ?”

“ಇಲ್ಲ ಸರ್. ನಮ್ಮ ವರ್ಕ್‌ಶಾಪಲ್ಲೇ ಆಗ್ಬೇಕು. ಕಂಡೀಷನ್ ಅದು. ಮುಂದಕ್ಕೆ ಹೋಗತ್ತೆ ತಾನೆ? ಮೆಲ್ಬರ್ನ್ ಮುಂದಕ್ಕೇ ಇದೆ.”

ಒಂಬೈನೂರು ಕಿಲೋಮೀಟರು ಬರಿ ಮುಂದಕ್ಕೆ ಹೋಗುವುದು ದೊಡ್ಡ ಮಾತಲ್ಲ. ಆದರೆ ನಡುವೆ ಒಂದು ರಾಜ್ಯದ ಗಡಿ ಇತ್ತು. ಗುರುಶಾಂತಪ್ಪ ಇದುವರೆಗೆ ಅದನ್ನು ವಿಮಾನದಲ್ಲಿ, ನಿದ್ದೆಯಲ್ಲಿ ದಾಟಿದವನು.

ಸಂಜೆಗೆ ಅವರಿದ್ದ ದಿ ಪಾಂಡ್ಸ್ ಬಡಾವಣೆಯ ಬೀದಿಯೆಲ್ಲ ಅವನ ಗ್ಯಾರೇಜಿನ ಮುಂದೆ ನೆರೆಯಿತು. ಎದುರು ಮನೆಯ ಮೈಸೂರಿನ ನಾರಾಯಣ ಕಾರಿನ ನಂಬರ್ ಪ್ಲೇಟು ನೋಡಿ ತುಟಿ ಕಚ್ಚಿಕೊಂಡ.

“ಹುಷಾರು ಗುರು. ಬಾರ್ಡರಲ್ಲಿ, ಆಲ್ಬರಿ ಹತ್ರ ನಮ್ಮನ್ನ ನಿಲ್ಲಿಸಿ ಎರಡು ಗಂಟೆ ಕೂರ್ಸಿದ್ರು ಕಣಯ್ಯ. ಪರ್ಮಿಟ್ ಎಲ್ಲಿ, ಎಲ್ಲಿಂದ ಬಂದ್ರಿ, ಎಲ್ಲಿ ಮಲಗ್ತೀರಿ, ಎಲ್ಲಾ ಕೇಳಿದ್ರು. ನನ್ನ ಹೆಂಡ್ತಿ ಅತ್ತೇಬಿಟ್ಲು.”

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಅದು ಕೋವಿಡ್ ಕಾಲದ ಮಾತು. ಯಾವ ವರ್ಷ ಎಂದು ಯಾರೂ ಕೇಳಲಿಲ್ಲ, ಹಾಗಾಗಿ ಅವನೂ ಹೇಳಲಿಲ್ಲ.

ಆಗ ಗುಂಪಿನ ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಬರಿ ಕೆಮ್ಮಲ್ಲ, ಸರಕಾರಿ ಕೆಮ್ಮು. ಎಲ್ಲರೂ ಸರಿದು ದಾರಿ ಬಿಟ್ಟರು. ಪಕ್ಕದ ಮನೆಯ ನೇತ್ರಾಳ ತಂದೆ ಪಂಚಾಕ್ಷರಯ್ಯನವರು ಮಫ್ಲರ್ ಸುತ್ತಿಕೊಂಡು ಮುಂದೆ ಬಂದರು. ಬೆಳಗಾವಿ ಆರ್‌ಟಿಓದಲ್ಲಿ ಮೂವತ್ತೊಂದು ವರ್ಷ ದುಡಿದು, ಅದರಲ್ಲಿ ಒಂಬತ್ತು ವರ್ಷ ಮಹಾರಾಷ್ಟ್ರ ಗಡಿಯ ಚೆಕ್‌ಪೋಸ್ಟಿನಲ್ಲಿ ಕೂತವರು. ಮಗಳ ಮನೆಗೆ ಬಂದು ಎರಡು ತಿಂಗಳಾಗಿತ್ತು. ಆ ಎರಡು ತಿಂಗಳೂ ಅವರು ಬೀದಿಯ ಕಾರುಗಳನ್ನು ಎಣಿಸುತ್ತಾ, ತಪಾಸಣೆ ಮಾಡಲು ಒಂದೂ ಸಿಗದೆ ಸೊರಗಿದ್ದರು.

“ಪರರಾಜ್ಯದ ಗಾಡಿ,” ಎಂದರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ. “ಹದಿನಾಲ್ಕು ತಿಂಗಳ ವಾಸ್ತವ್ಯ. ಎನ್‌ಓಸಿ ಐತೇನು?”

“ಇಲ್ರೀ ಕಾಕಾರ.”

“ದಾಟಾಕ ಬಿಡೂದಿಲ್ಲ. ನಾ ಇದ್ದಿದ್ರ ನಾನೂ ಬಿಡತಿರಲಿಲ್ಲ.”

“ಅಪ್ಪಾಜಿ, ಇಲ್ಲಿ ಅಂಥಾ ಚೆಕ್‌ಪೋಸ್ಟ್ ಇಲ್ಲ,” ಎಂದಳು ನೇತ್ರಾ.

“ಚೆಕ್‌ಪೋಸ್ಟ್ ಇಲ್ಲದ್ದಕ್ಕ ಬಾರ್ಡರ್ ಅಂತಾರೇನವಾ? ಹೊಲದ ಬದು ಅಂತಾರ.”

ಮರುದಿನವಿಡೀ ಪಂಚಾಕ್ಷರಯ್ಯನವರು ಊಟ ಬಿಟ್ಟು ಒಂದು ಫೈಲು ಕಟ್ಟಿದರು. ಮೇಲೆ ತಮ್ಮ ಕೈಬರಹದ ಇಂಗ್ಲಿಷಿನ ಪ್ರಮಾಣಪತ್ರ. ಕನ್ನಡದಲ್ಲಿ ಹೇಳುವುದಾದರೆ ಅದರ ಒಕ್ಕಣೆ ಹೀಗಿತ್ತು: “ಸದರಿ ವಾಹನವು ಕಳೆದ ಹದಿನಾಲ್ಕು ತಿಂಗಳಿಂದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಕಾಯಂ ವಾಸವಾಗಿದ್ದು, ಇತ್ತೀಚೆಗೆ ಹಿಂದಕ್ಕೆ ಚಲಿಸುವ ಶಕ್ತಿಯನ್ನು ಪೂರ್ಣ ಕಳೆದುಕೊಂಡಿದ್ದು, ಚಿಕಿತ್ಸೆಗಾಗಿ ತವರು ರಾಜ್ಯಕ್ಕೆ ತೆರಳಲು ಅನುಮತಿ ನೀಡಬೇಕಾಗಿ ವಿನಂತಿ.” ಅದರ ಕೆಳಗೆ ಕರೆಂಟ್ ಬಿಲ್ಲು, ನಾಲ್ಕು ದಿಕ್ಕಿನಿಂದ ತೆಗೆದ ಕಾರಿನ ಫೋಟೋ, ಎಲ್ಲರ ಲಸಿಕೆ ಸರ್ಟಿಫಿಕೇಟು, ಯಾತಕ್ಕೂ ಇರಲಿ ಎಂದು ಗುರುಶಾಂತಪ್ಪನ ಮದುವೆ ಫೋಟೋ. ಒಟ್ಟು ನಲವತ್ತೊಂದು ಹಾಳೆ, ಕೆಂಪು ದಾರ.

“ನಾನೂ ಬರತೀನಿ,” ಎಂದರು. “ಬಾರ್ಡರ್‌ನ್ಯಾಗ ಮಾತಾಡೂದಕ್ಕ ಒಂದು ರೀತಿ ಇರತದ.”

ನೇತ್ರಾ ಗುರುಶಾಂತಪ್ಪನನ್ನು ಬೇಲಿಯ ಬಳಿಗೆ ಕರೆದು ಮೆಲ್ಲಗೆ ಹೇಳಿದಳು. “ಕರಕೊಂಡು ಹೋಗ್ರಿ ಅಣ್ಣಾ. ಬಂದಾಗಿಂದ ನಿನ್ನೆನ ನಕ್ಕಾರ ಅವರು.”

ಗುರುವಾರ ಮುಂಜಾನೆ ಸವಾರಿ ಹೊರಟಿತು. ಹಿಂದಿನ ಸೀಟಿನಲ್ಲಿ ಪಂಚಾಕ್ಷರಯ್ಯನವರು, ಅವರ ತೊಡೆಯ ಮೇಲೆ ಫೈಲು. ಮುಂದೆ ನೀಲಕ್ಕ, ಅವಳ ತೊಡೆಯ ಮೇಲೆ ಚಪಾತಿಯ ಡಬ್ಬಿ. ರಿವರ್ಸ್ ಇಲ್ಲದ ಬಾಳು ಎಂಥದೆಂದು ಅನುಭವಿಸಿದವರಿಗೇ ಗೊತ್ತು. ಅವರು ಚಹಾ ಕುಡಿಯುವ ಜಾಗವನ್ನು ಚಹಾ ನೋಡಿ ಆರಿಸಲಿಲ್ಲ. ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳಲು ಬರುತ್ತದೆಯೇ ಎಂದು ನೋಡಿ ಆರಿಸಿದರು. ಹಾಗೆ ಆರಿಸಿ ಮೂರು ಒಳ್ಳೆಯ ಹೋಟೆಲು ಬಿಟ್ಟು, ಗಂಡಗೈ ಊರಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ, ಅವರು ಒಳಗೆ ಹೋಗಿ ಬರುವಷ್ಟರಲ್ಲಿ ಯಾರೋ ಒಬ್ಬ ದೋಣಿ ಕಟ್ಟಿದ ಟ್ರೇಲರನ್ನು ಅವರ ಮೂತಿಗೇ ತಂದು ನಿಲ್ಲಿಸಿ ಊಟಕ್ಕೆ ಹೋಗಿದ್ದ.

ಗುರುಶಾಂತಪ್ಪ ಸ್ಟೀರಿಂಗ್ ಹಿಡಿದ, ನೀಲಕ್ಕ ಮುಂದಿನಿಂದ ತಳ್ಳಿದಳು, ಪಂಚಾಕ್ಷರಯ್ಯನವರು ಪಕ್ಕದಲ್ಲಿ ನಿಂತು “ಬರ್ಲಿ, ಬರ್ಲಿ, ಬರ್ಲಿ” ಎಂದರು. ಒಬ್ಬ ಟ್ರಕ್ ಡ್ರೈವರ್, ತೋಳೆಂದರೆ ಬಾಳೆಯ ದಿಂಡು, ಸ್ವಲ್ಪ ಹೊತ್ತು ಇದನ್ನು ನೋಡಿ, ತಿನ್ನುತ್ತಿದ್ದ ಪೈ ಎಂಬ ಕಡುಬನ್ನು ಬಾಯಲ್ಲೇ ಕಚ್ಚಿಕೊಂಡು ಬಂದು ಒಂದೇ ಕೈಯಲ್ಲಿ ಕಾರನ್ನು ಹಿಂದಕ್ಕೆ ಸರಿಸಿ ಹೋದ. “ವಾರಂಟಿ ಐತಿ,” ಎಂದ ಗುರುಶಾಂತಪ್ಪ ಅವನ ಬೆನ್ನಿಗೆ.

ಸಂಜೆಯ ಹೊತ್ತಿಗೆ ಆಲ್ಬರಿ ಬಂತು. ಗಡಿಯ ನದಿಗೆ ಇನ್ನು ಐದೇ ನಿಮಿಷ. ಆದರೆ ಪಂಚಾಕ್ಷರಯ್ಯನವರು ಕೈ ಎತ್ತಿದರು.

“ಇವತ್ತ ಬ್ಯಾಡ. ಸಂಜೀಮುಂದ ಆಫೀಸರ್‌ಗೆ ಸಿಟ್ಟಿರತದ. ಮುಂಜಾನೆ ಚಹಾ ಕುಡದು ಕುಂತಿರತಾನ, ಆಗ ಹೋಗಬೇಕು. ಇದು ಒಂಬತ್ತು ವರ್ಷದ ಅನುಭವ.”

ಆ ಅನುಭವಕ್ಕೆ ಮರ್ಯಾದೆ ಕೊಟ್ಟು ಅವರು ಆಲ್ಬರಿಯ ಮೋಟೆಲಿನಲ್ಲಿ ಉಳಿದರು.

ಶುಕ್ರವಾರ ಬೆಳಿಗ್ಗೆ ಪಂಚಾಕ್ಷರಯ್ಯನವರು ಸ್ನಾನ ಮಾಡಿ, ವಿಭೂತಿ ಧರಿಸಿ, ಇಸ್ತ್ರಿ ಅಂಗಿ ತೊಟ್ಟು ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತರು. ಕಾರು ಹೆದ್ದಾರಿಗೆ ಏರಿತು. ಸೇತುವೆ ಬಂತು. ಕೆಳಗೆ ನದಿ ಬಂತು, ಹೋಯಿತು. ವಿಕ್ಟೋರಿಯಾಕ್ಕೆ ಸ್ವಾಗತ ಎಂಬ ಬೋರ್ಡು ಬಂತು, ಹೋಯಿತು. ಆಮೇಲೆ ಒಂದಿಷ್ಟು ನೀಲಗಿರಿ ಮರ, ಒಂದಿಷ್ಟು ದನ.

“ಚೆಕ್‌ಪೋಸ್ಟ್ ಎಲ್ಲೆ?” ಎಂದರು ಪಂಚಾಕ್ಷರಯ್ಯನವರು.

“ಬರಲಿಲ್ಲಲ್ರೀ ಕಾಕಾರ.”

“ತಪ್ಪಿಸಿಕೊಂಡು ಬಂದಂಗಾತಲ್ಲೋ ತಮ್ಮಾ! ಇದು ದೊಡ್ಡ ಕೇಸು. ತಿರುಗಸು, ತಿರುಗಸು!”

ಮುಂದಿನ ಊರಲ್ಲಿ ಹೆದ್ದಾರಿ ಇಳಿದು, ಸುತ್ತಿ ಬಂದು, ಮತ್ತೆ ಸೇತುವೆ ದಾಟಿ ನ್ಯೂ ಸೌತ್ ವೇಲ್ಸಿಗೆ ಬಂದರು. ಈ ಕಡೆಯ ತಪಾಸಣೆ ಇರಬಹುದು ಎಂದು ನೋಡಿದರು. ಇಲ್ಲ. ಮತ್ತೆ ತಿರುಗಿ ಮೂರನೆಯ ಸಲ ದಾಟಿದರು, ಈ ಬಾರಿ ನಿಧಾನವಾಗಿ, ಕಿಟಕಿ ಇಳಿಸಿ, ಪಂಚಾಕ್ಷರಯ್ಯನವರು ಫೈಲನ್ನು ಹೊರಗೆ ಕಾಣುವಂತೆ ಹಿಡಿದುಕೊಂಡು. ಯಾರೂ ಕೈ ಅಡ್ಡ ಮಾಡಲಿಲ್ಲ. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆದವು. ಮುಖ ಸಣ್ಣದಾಗಿದ್ದ ಮುದುಕರನ್ನು ಗುರುಶಾಂತಪ್ಪ ಕನ್ನಡಿಯಲ್ಲಿ ನೋಡಿದ. “ಇನ್ನೊಂದ ಸಲ ನೋಡೂಣು,” ಎಂದ.

“ರೀ, ಹತ್ತೂವರಿ ಆತು. ಐದಕ್ಕ ಅವರು ಬಾಗಲಾ ಹಾಕತಾರ,” ಎಂದಳು ನೀಲಕ್ಕ.

“ಒಂದ ಸಲ, ನೀಲಾ.”

ನಾಲ್ಕನೆಯ ಸಲ ನದಿ ದಾಟಿ ಆಲ್ಬರಿಯ ಕಡೆಗೆ ಇಳಿಯುತ್ತಿದ್ದಾಗ ಹಿಂದೆ ನೀಲಿ ಕೆಂಪು ದೀಪ ಮಿಂಚಿತು. ಗುರುಶಾಂತಪ್ಪ ಅಪರಾಧಿಯಂತೆ ಕಾರನ್ನು ಬದಿಗೆ ತಂದು ನಿಲ್ಲಿಸಿದ. ಪಂಚಾಕ್ಷರಯ್ಯನವರ ಮುಖ ಮಾತ್ರ ದೀಪಾವಳಿಯಾಯಿತು.

“ಬಂತು ನೋಡು! ನಾವು ಹೋಗಲಿಲ್ಲಂತ ಚೆಕ್‌ಪೋಸ್ಟ್ ಬಂತು!”

ಪೋಲೀಸ್ ಕಾರಿನಿಂದ ಇಳಿದವಳು ಎಳೆಯ ಪ್ರಾಯದ ಹೆಣ್ಣುಮಗಳು. ಕಿಟಕಿಗೆ ಬಗ್ಗಿ, ಇಂಗ್ಲಿಷಿನಲ್ಲಿ, ಅತ್ಯಂತ ಮೃದುವಾಗಿ ಕೇಳಿದಳು: “ಸೇತುವೆಯ ಮೇಲೆ ನಿಮ್ಮನ್ನು ಆಗಿನಿಂದ ನೋಡುತ್ತಿದ್ದೇನೆ. ದಾರಿ ತಪ್ಪಿತೇ?”

ಇಲ್ಲ ಎಂದಿದ್ದರೂ, ಹೌದು ಎಂದಿದ್ದರೂ, ಸುಮ್ಮನೆ ನಕ್ಕಿದ್ದರೂ ಆಕೆ ದಾರಿ ತೋರಿಸಿ ಕಳಿಸುತ್ತಿದ್ದಳು. ಆದರೆ ಹಿಂದಿನ ಕಿಟಕಿಯಿಂದ ನಲವತ್ತೊಂದು ಹಾಳೆಯ ಫೈಲು ಆಕೆಯ ಕೈಗೆ ಬಂದು ಬಿತ್ತು.

“ಇದೇನು?”

“ಕಾಗದ ಪತ್ರ, ಮೇಡಂ,” ಎಂದರು ಪಂಚಾಕ್ಷರಯ್ಯನವರು ಇಂಗ್ಲಿಷಿನಲ್ಲಿ. “ಕ್ರಮಾಂಕ ಹಾಕಿದೆ.”

“ನಾನು ಕೇಳಲೇ ಇಲ್ಲವಲ್ಲ!”

“ಕೇಳುವ ಮೊದಲೇ ಕೊಡುವುದು ಪದ್ಧತಿ.”

ಆಕೆ ಕೆಂಪು ದಾರ ಬಿಚ್ಚಿದಳು. ಓದುತ್ತಾ ಹೋದಂತೆ ಹುಬ್ಬು ಮೇಲಕ್ಕೇರಿತು.

“ಹದಿನಾಲ್ಕು ತಿಂಗಳಿಂದ ಸಿಡ್ನಿಯಲ್ಲಿದೆಯೇ ಈ ಕಾರು? ಬೇರೆ ರಾಜ್ಯದ ಕಾರಾದರೆ ಮೂರು ತಿಂಗಳಲ್ಲಿ ನಂಬರು ಬದಲಿಸಬೇಕು, ಸರ್.”

“ನಾ ಹೇಳಲಿಲ್ಲೇನು!” ಎಂದರು ಪಂಚಾಕ್ಷರಯ್ಯನವರು ಗುರುಶಾಂತಪ್ಪನ ಭುಜ ತಟ್ಟಿ.

“ಮತ್ತೆ ಇದು... ಹಿಂದಕ್ಕೆ ಚಲಿಸುವ ಶಕ್ತಿ... ರಿವರ್ಸ್ ಇಲ್ಲವೇ ಈ ಕಾರಿಗೆ? ಇದನ್ನು ರಸ್ತೆಗೆ ತರುವಂತಿಲ್ಲ!”

“ಬರೋಬ್ಬರಿ!” ಪಂಚಾಕ್ಷರಯ್ಯನವರು ಬಾಗಿಲು ತೆಗೆದು ಕೆಳಗಿಳಿದೇಬಿಟ್ಟರು. ಎಷ್ಟೋ ವರ್ಷಗಳ ನಂತರ ಅವರಿಗೆ ತಮ್ಮ ಜಾತಿಯ ಜೀವವೊಂದು ಸಿಕ್ಕಿತ್ತು. ತಾವು ಯಾರ ಕಡೆಯವರೆಂಬುದೇ ಮರೆತುಹೋಯಿತು. “ಟೈರ್ ಕೂಡ ನೋಡಿ, ಮೇಡಂ. ಎಡಗಡೆ ಹಿಂದಿನದು ಸವೆದಿದೆ ಎಂದು ನನ್ನ ಅಭಿಪ್ರಾಯ.”

“ಕಾಕಾರ!” ಎಂದು ಒರಲಿದ ಗುರುಶಾಂತಪ್ಪ.

“ಕಾಯ್ದೆ ಅಂದ್ರ ಕಾಯ್ದೆನಪಾ.”

ಆಕೆ ಟೋಯಿಂಗ್ ಲಾರಿಯ ಮಾತೆತ್ತಿದಳು. ಲಾರಿ ಬರಲು ಮಧ್ಯಾಹ್ನ, ಅದು ಆಲ್ಬರಿಯ ಯಾವುದೋ ಗ್ಯಾರೇಜಿಗೆ ಒಯ್ಯಲು ಸಂಜೆ. ಗುರುಶಾಂತಪ್ಪ ಬಾಯಿ ತೆರೆದ, ಮುಚ್ಚಿದ, ತೆರೆದ. ಅಷ್ಟು ವರ್ಷದ ಇಂಗ್ಲಿಷಿನಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಪದ: “ವಾರಂಟಿ.”

ಆಗ ನೀಲಕ್ಕ ಚಪಾತಿ ಡಬ್ಬಿ ಬದಿಗಿಟ್ಟು ಕಾರಿನಿಂದ ಇಳಿದಳು. ಅವಳು ಇಂಗ್ಲಿಷ್ ಮಾತಾಡುವುದು ಅಪರೂಪ. ಮಾತಾಡಿದರೆ ಪದಗಳನ್ನು ಒಂದೊಂದೇ ಮಣಿಯಂತೆ ಇಡುತ್ತಿದ್ದಳು.

“ಸೋಮವಾರ ನನ್ನ ಡ್ರೈವಿಂಗ್ ಟೆಸ್ಟ್. ಮೂರನೇ ಸಲ. ಎರಡು ಸಲ ರಿವರ್ಸಿನಲ್ಲಿ ಫೇಲು. ಪಾಸಾದರೆ ಕೆಲಸ. ಇವತ್ತು ಐದಕ್ಕೆ ಇದು ರಿಪೇರಿ ಆಗದಿದ್ದರೆ, ಇಲ್ಲ.”

ಪೋಲೀಸಿನಾಕೆ ನೀಲಕ್ಕನನ್ನು ನೋಡಿದಳು. ಸ್ಟೀರಿಂಗಿಗೆ ಹಣೆಯೂರಿದ್ದ ಗುರುಶಾಂತಪ್ಪನನ್ನು ನೋಡಿದಳು. ಟೈರಿನ ಬಳಿ ಕುಕ್ಕುರುಗಾಲಲ್ಲಿ ಕೂತು ನಾಣ್ಯ ತೂರಿಸಿ ಸವೆತ ಅಳೆಯುತ್ತಿದ್ದ ಮುದುಕರನ್ನು ನೋಡಿದಳು.

“ನನ್ನ ಅಮ್ಮ ನಾಲ್ಕು ಸಲ ಫೇಲಾದಳು,” ಎಂದಳು ಕೊನೆಗೆ. “ಕೇಳಿ. ಇಲ್ಲಿಂದ ನೇರ ವರ್ಕ್‌ಶಾಪಿಗೆ. ಎಡದ ಲೇನ್ ಬಿಡಬೇಡಿ. ರಿವರ್ಸ್ ಬೇಕಾಗುವ ಕಡೆ ಎಲ್ಲೂ ನಿಲ್ಲಿಸಬೇಡಿ. ಹದಿನಾಲ್ಕು ದಿನದಲ್ಲಿ ನಂಬರು ಬದಲಾಗಿರಬೇಕು. ಇದು ಎಚ್ಚರಿಕೆ ಚೀಟಿ. ಮತ್ತು ದಯವಿಟ್ಟು, ಈ ಸೇತುವೆಯನ್ನು ಇನ್ನು ಒಂದೇ ಸಲ ದಾಟಿ.”

ಪಂಚಾಕ್ಷರಯ್ಯನವರು ಚೀಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ನಲವತ್ತೆರಡನೆಯ ಹಾಳೆ ಎಂದು ಕ್ರಮಾಂಕ ಹಾಕಿ ಫೈಲಿಗೆ ಸೇರಿಸಿದರು. ಕಾರು ಹೊರಟ ಮೇಲೂ ಹಿಂದಿನ ಗಾಜಿನಿಂದ ಕೈಬೀಸುತ್ತಲೇ ಇದ್ದರು. “ಆಫೀಸರ್ ಅಂದ್ರ ಹಿಂಗಿರಬೇಕು. ಏನು ಕಟ್ಟುನಿಟ್ಟು! ಏನು ಅಂತಃಕರಣ!”

ಆ ಮೇಲಿನ ಮೂರೂ ಚಿಲ್ಲರೆ ತಾಸು ಕಾರು ಎಡದ ಲೇನ್ ಬಿಡಲಿಲ್ಲ. ನೀಲಕ್ಕ ಗಡಿಯಾರ ನೋಡುತ್ತಿದ್ದಳು. ಗುರುಶಾಂತಪ್ಪ ಗಡಿಯಾರ ನೋಡುವ ನೀಲಕ್ಕನನ್ನು ನೋಡುತ್ತಿದ್ದ. ಗೋದಾಮುಗಳ ಸಾಲು ದಾಟಿ ಟ್ರುಗನಿನಾದ ಯಾರ್ಡಿಗೆ ಕಾರು ಹೊಕ್ಕಾಗ ಮೂರು ಗಂಟೆ ಹತ್ತು ನಿಮಿಷ.

ಗೌತಮ್ ಪುಸ್ತಕ ತೆರೆದು, ಬಾನೆಟ್ ಎತ್ತಿ, ಒಳಗೆಲ್ಲೋ ಕೆತ್ತಿದ್ದ ಅಂಕಿಗಳನ್ನು ಓದಿಕೊಂಡ.

“ನಂಬರ್ ಪ್ಲೇಟ್ ನೋಡ್ರಿ,” ಎಂದ ಗುರುಶಾಂತಪ್ಪ ಹೆಮ್ಮೆಯಿಂದ. “ಹದಿನಾಲ್ಕು ತಿಂಗಳು ಕಾಪಾಡೀನಿ. ಒಂದಕ್ಷರ ಬದಲಾಗಿಲ್ಲ.”

“ಪ್ಲೇಟ್ ಯಾಕೆ ಸರ್? ವಾರಂಟಿ ಚಾಸಿ ನಂಬರ್ ಮೇಲೆ ಇರೋದು. ನೀವು ಅವತ್ತೇ ಸಿಡ್ನಿ ಪ್ಲೇಟ್ ಹಾಕ್ಸಿದ್ರೂ ಏನೂ ಆಗ್ತಿರ್ಲಿಲ್ಲ.”

ನೀಲಕ್ಕ ಗಂಡನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಒಳ್ಳೆಯದಿತ್ತು. ಗುರುಶಾಂತಪ್ಪ ಯಾರ್ಡಿನ ಮೂಲೆಯಲ್ಲಿದ್ದ ನೀರಿನ ಯಂತ್ರದ ಬಳಿಗೆ ಹೋಗಿ, ಬಾಯಾರದಿದ್ದರೂ ನಾಲ್ಕು ಲೋಟ ನೀರು ಕುಡಿದ.

ಗೇರ್‌ಬಾಕ್ಸಿನೊಳಗೆ ಕೆಟ್ಟಿದ್ದು ಹೆಬ್ಬೆರಳಿನಷ್ಟು ದೊಡ್ಡ ಒಂದು ಭಾಗ. ಅದನ್ನು ತೆಗೆದು ಹೊಸದು ಕೂಡಿಸುವಷ್ಟರಲ್ಲಿ ನಾಲ್ಕೂ ನಲವತ್ತಾಯಿತು. ಗೌತಮ್ ಕೀಲಿಯನ್ನು ಮುಂದೆ ಚಾಚಿದ. ಗುರುಶಾಂತಪ್ಪ ಕೈ ಒಡ್ಡುವ ಮೊದಲೇ ನೀಲಕ್ಕ ಅದನ್ನು ತೆಗೆದುಕೊಂಡಳು. ಕಾರಿನ ಹಿಂದೆ ಮುಂದೆ ತನ್ನ ಹಳದಿ ಎಲ್ ಫಲಕ ಅಂಟಿಸಿ, ಡ್ರೈವರ್ ಸೀಟಿನಲ್ಲಿ ಕೂತು ಸೆರಗು ಸಿಕ್ಕಿಸಿದಳು. ಗುರುಶಾಂತಪ್ಪ ಓಡಿಬಂದು ಪಕ್ಕದಲ್ಲಿ ಕೂತ. ಅವಳು ರಿವರ್ಸಿಗೆ ಹಾಕಿದಳು.

ಕಾರು ಹಿಂದಕ್ಕೆ ಹೋಯಿತು. ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ಖಾಲಿ ಯಾರ್ಡಿನ ಆ ತುದಿಯವರೆಗೆ ಹಿಂದಕ್ಕೆ ಹೋಗಿ, ಹಿಂದಕ್ಕೇ ತಿರುಗಿ, ಹಿಂದಕ್ಕೇ ಬಂತು. ಎರಡು ಹಳೇ ಕಾರುಗಳ ನಡುವಿನ ಸಂದಿಗೆ ಅದನ್ನು ನೀಲಕ್ಕ ಒಂದೇ ಏಟಿಗೆ ಹೊಗಿಸಿ ತೆಗೆದಳು. ಮತ್ತೊಮ್ಮೆ ಹೊಗಿಸಿ ತೆಗೆದಳು. ಮೆಕ್ಯಾನಿಕ್ಕುಗಳು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ನಿಂತರು.

ಗೌತಮ್ ಒಂದು ಹಾಳೆ ಹಿಡಿದು ಬಂದ. “ಸರ್, ಇನ್ನೂ ಐದು ನಿಮಿಷ ಇದೆ. ಐದರೊಳಗೆ ಸೈನ್ ಮಾಡಿದ್ರೆ ಇದೇ ವಾರಂಟಿನ ಇನ್ನೆರಡು ವರ್ಷ ಎಕ್ಸ್‌ಟೆಂಡ್ ಮಾಡ್ತೀವಿ. ಕಂಡೀಷನ್ ಅದೇ, ಏನಾದ್ರೂ ಕೆಟ್ರೆ ಇಲ್ಲಿಗೇ ತರ್ಬೇಕು. ಕಾರು ಇಬ್ಬರ ಹೆಸರಲ್ಲಿದೆ, ಇಬ್ಬರ ಸೈನೂ ಬೇಕು.”

ಗುರುಶಾಂತಪ್ಪನ ಕಣ್ಣು ಹೊಳೆದವು. ಕಿಟಕಿಯಿಂದ ಕೈ ಚಾಚಿ ಹಾಳೆ ತೆಗೆದುಕೊಂಡು, ಡ್ಯಾಷ್‌ಬೋರ್ಡಿನ ಮೇಲಿಟ್ಟು ತನ್ನ ಸಹಿ ಹಾಕಿಯೇಬಿಟ್ಟ. ಪಂಚಾಕ್ಷರಯ್ಯನವರು ಹಿಂದಕ್ಕೆ ಸಾಗುತ್ತಿದ್ದ ಕಾರಿನ ಪಕ್ಕ, ಕಿಟಕಿ ಹಿಡಿದು, ಮಫ್ಲರ್ ಹಾರಿಸುತ್ತಾ ನಡೆದುಬಂದರು.

“ಹಾಕಿಸು ತಮ್ಮಾ, ಹಾಕಿಸು. ಕಡಲ ದಂಡಿಗುಂಟನೂ ಒಂದು ಬಾರ್ಡರ್ ಐತಂತ. ಮುಂದಿನ ಸಲ ಆ ದಾರೀಲೆ ಬರೂಣು. ಅಲ್ಲಿ ಚೆಕ್‌ಪೋಸ್ಟ್ ಇದ್ದರೂ ಇದ್ದೀತು.”

“ನೀಲಾ,” ಎಂದ ಗುರುಶಾಂತಪ್ಪ, ಪೆನ್ನನ್ನು ಅವಳತ್ತ ಚಾಚಿ, ದನಿಗೆ ಜೇನು ಬೆರೆಸಿ. “ಒಂದು ಸಹಿ. ಎರಡು ವರ್ಷ ಚಿಂತಾ ಇರೂದಿಲ್ಲ. ಇಕಾ, ಇಲ್ಲೆ, ನನ್ನ ಹೆಸರಿನ ಕೆಳಗ.”

ನೀಲಕ್ಕ ಕನ್ನಡಿಯಿಂದ ಕಣ್ಣು ತೆಗೆಯದೆ, ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟುಕೊಂಡು, ಕಾರನ್ನು ಮೂರನೆಯ ಸಲ ಆ ಸಂದಿಗೆ ಹಿಂದಕ್ಕೆ ಒಯ್ಯುತ್ತಾ ಹೇಳಿದಳು:

“ಹಾಕೂದಿಲ್ಲ.”